ಬಾಗಿಲ ಬಳಿಯ ಕುರ್ಚಿಗೊಂದು ಸ್ಪೀಕರ್

ಅಜ್ಜಿಗೆ ಕಿವಿ ಹೋಗಿದೆ ಎಂದು ನಮ್ಮ ಮನೆಯಲ್ಲಿ ತೀರ್ಮಾನವಾದದ್ದು ಜನವರಿಯ ಎರಡನೇ ಭಾನುವಾರ, ಸಿನಿಮಾ ಅರ್ಧ ಮುಗಿದಿದ್ದಾಗ. ತೀರ್ಮಾನ ಮಾಡಿದವರು ಚಿಕ್ಕಪ್ಪ. ಅಪ್ಪ ತಲೆಯಾಡಿಸಿದರು. ಅಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಒಪ್ಪಲಿಲ್ಲ. ಒಪ್ಪಲಿಲ್ಲವೆಂದು ನನ್ನ ಡೈರಿಯ ಆ ದಿನದ ಪುಟದಲ್ಲೇ ಬರೆದಿದ್ದೇನೆ.

"ಅಮ್ಮಂಗೆ ಕಿವಿಗೊಂದು ಮಿಷನ್ ಹಾಕ್ಸಿದ್ರೆ ಮುಗೀತು," ಎಂದರು ಚಿಕ್ಕಪ್ಪ.

"ನಿನ್ ಹೆಂಡ್ತಿ ಮಹಡಿ ಮೇಲೆ ಗೊಣಗೋದೂ ನಂಗೆ ಕೇಳಿಸ್ತೈತೆ ಕಣೋ," ಎಂದಳು ಅಜ್ಜಿ. "ಕೆಟ್ಟಿರೋದು ನನ್ ಕಿವಿಯಲ್ಲ, ನಿನ್ ಡಬ್ಬದ ಬಾಯಿ."

ಕೆ.ಆರ್. ಪುರದ ನಮ್ಮ ಮನೆಯಲ್ಲಿ ಕೆಳಗೆ ಅಜ್ಜಿ ಮತ್ತು ನಾವು, ಮೊದಲ ಮಹಡಿಯಲ್ಲಿ ಚಿಕ್ಕಪ್ಪ, ಅದರ ಮೇಲೆ ಬಾಡಿಗೆಯವರು. ಹಿಂದಿನ ವರ್ಷ ಮನೆ ಖಾಲಿ ಮಾಡಿದ ಬಾಡಿಗೆಯ ಹುಡುಗನೊಬ್ಬ ತನ್ನ ಹೋಮ್ ಥಿಯೇಟರನ್ನು ಚಿಕ್ಕಪ್ಪನಿಗೆ ಕೊಟ್ಟುಹೋಗಿದ್ದ. ಅವರು ಅದನ್ನು ಕೆಳಗಿನ ನಮ್ಮ ಹಾಲಿನಲ್ಲಿ ಜೋಡಿಸಿದ್ದರು. ಒಂದು ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರ್, ನೆಲ ನಡುಗಿಸುವ ಒಂದು ವೂಫರ್. ಟೀವಿಯ ಕೆಳಗೆ ನಡುಮಧ್ಯದಲ್ಲಿಡುವ ಸ್ಪೀಕರ್ ಮಾತ್ರ ಇರಲಿಲ್ಲ. ಅದೊಂದು ಇರುತ್ತದೆಂದೇ ನಮಗೆ ಗೊತ್ತಿರಲಿಲ್ಲ.

ಸಿನಿಮಾದವರ ಮಾತು ಹೆಚ್ಚಾಗಿ ಬರುವುದೇ ಆ ನಡುವಿನ ಸ್ಪೀಕರಿನಿಂದ. ಅದಿಲ್ಲದಿದ್ದರೆ ಮಾತು ಎರಡು ಪಕ್ಕಕ್ಕೂ ಹಂಚಿಹೋಗಿ ಸಂಗೀತದಲ್ಲಿ, ಹೊಡೆದಾಟದಲ್ಲಿ ಮುಳುಗುತ್ತದೆ. ಇದನ್ನು ನಾನು ಓದಿ ತಿಳಿದದ್ದು ಆಮೇಲೆ. ಮೊದಲು ಮಾಡಿದ ಕೆಲಸ ಎಣಿಕೆ. ಮುಂದಿನ ಭಾನುವಾರದ ಸಿನಿಮಾಕ್ಕೆ ಪುಟದಲ್ಲಿ ನಾಲ್ಕು ಜನರ ಹೆಸರಿಗೆ ನಾಲ್ಕು ಗೆರೆ ಎಳೆದು ಕೂತೆ. "ಏನಂದ?" ಎಂದು ಅಜ್ಜಿ ಕೇಳಿದ್ದು ಇಪ್ಪತ್ತಮೂರು ಸಲ. ಅಪ್ಪ ಒಂಬತ್ತು, ಅಮ್ಮ ಆರು. ಚಿಕ್ಕಪ್ಪ ಒಮ್ಮೆಯೂ ಕೇಳಲಿಲ್ಲ. ಆದರೆ ರಿಮೋಟ್ ಹಿಡಿದು ಏಳು ಸಲ ಸಿನಿಮಾವನ್ನು ಹಿಂದಕ್ಕೆ ಓಡಿಸಿದರು. ಅದನ್ನೂ ಅವರ ಹೆಸರಿನ ಕೆಳಗೇ ಬರೆದೆ.

ಪುಟ ತೋರಿಸಿದಾಗ ಅವರು ನಕ್ಕರು. "ನೀನು ಕ್ರಿಕೆಟ್ ಸ್ಕೋರ್ ಬರೆಯೋಕೆ ಹೋಗ್ಬೇಕಿತ್ತು ಕಣೇ. ಅಮ್ಮ ಆ ಮೂಲೆ ಬಿಟ್ಟು ಸೋಫಾಗೆ ಬರ್ಲಿ, ಎಲ್ಲಾ ಸರಿಹೋಗುತ್ತೆ."

ಅಜ್ಜಿಯ ಕುರ್ಚಿ ಬಾಗಿಲ ಬಳಿ, ಒಂದು ಸ್ಪೀಕರಿನ ಮಗ್ಗುಲಲ್ಲೇ ಇದೆ. ಅಲ್ಲಿಂದ ಗೇಟು ಕಾಣುತ್ತದೆ, ಬಾಡಿಗೆಯವರ ಓಡಾಟ ಕಾಣುತ್ತದೆ, ಟ್ಯಾಂಕ್ ತುಂಬಿ ನೀರು ಸುರಿದರೆ ತಿಳಿಯುತ್ತದೆ.

"ಇಲ್ಲೇ ಕೂತು ಈ ಮನೆ ಮೂರು ಅಂತಸ್ತು ಕಟ್ಸಿದೀನಿ. ಏಳಲ್ಲ," ಎಂದಳು.

ಹಲಸೂರಿನ ಕಿವಿ ಡಾಕ್ಟರ್ ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಂತಿದೆ, ಸದ್ಯಕ್ಕೆ ಮಿಷನ್ ಬೇಡ ಎಂದರು. ಬೇರೆ ಡಾಕ್ಟರಿಗೆ ತೋರಿಸೋಣ ಎಂದರು ಚಿಕ್ಕಪ್ಪ. ಅದರ ಮುಂದಿನ ಭಾನುವಾರ ಸಿನಿಮಾ ಹಾಕಿದಾಗ ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. "ನೀವ್ ನೋಡ್ಕಳಿ," ಎಂದಳು ಅಷ್ಟೇ. ಬಾಗಿಲ ಬಳಿ ಖಾಲಿ ಕುರ್ಚಿ. ಅವಳು ಯಾರಿಗೂ ಸೋಲುವವಳಲ್ಲ. ಹೀಗೆ ಸದ್ದಿಲ್ಲದೆ ಎದ್ದುಹೋಗುವವಳೂ ಅಲ್ಲ. ನನಗೆ ಸಿಟ್ಟು ಬಂದದ್ದು ಆಗ.

"ಯುಗಾದಿವರೆಗೂ ಟೈಮ್ ಕೊಡಿ," ಎಂದೆ. "ಅಜ್ಜಿ ಅದೇ ಕುರ್ಚೀಲಿ ಕೂತಿರ್ತಾಳೆ, ಮಾತೂ ಕೇಳಿಸುತ್ತೆ. ಇಲ್ದಿದ್ರೆ ನಾನೇ ಆ ಬೇರೆ ಡಾಕ್ಟ್ರ ಹತ್ರ ಕರ್ಕೊಂಡ್ಹೋಗ್ತೀನಿ."

ಫೆಬ್ರವರಿಯ ಮೊದಲ ಶನಿವಾರ, ನಡುವಿನ ಸ್ಪೀಕರ್ ಹುಡುಕಿಕೊಂಡು, ಅಜ್ಜಿಯನ್ನು ಇಂದಿರಾನಗರದ ಒಂದು ಷೋರೂಮಿಗೆ ಕರೆದೊಯ್ದೆ. ಅಲ್ಲಿಯ ಹುಡುಗ ಅವಳನ್ನು ಸೋಫಾದ ನಟ್ಟನಡುವೆ ಕೂರಿಸಿ ಪರದೆಯ ಮೇಲೆ ಹೆಲಿಕಾಪ್ಟರ್ ಹಾರಿಸಿದ.

"ಇದ್ರಲ್ಲಿ ಯಾರಾದ್ರೂ ಮಾತಾಡ್ತಾರೇನಪ್ಪಾ?" ಎಂದಳು ಅಜ್ಜಿ.

ನಾನು ಪೆನ್‌ಡ್ರೈವಿನಲ್ಲಿ ನನ್ನದೇ ದೃಶ್ಯ ಒಯ್ದಿದ್ದೆ. ಅಡುಗೆಮನೆಯಲ್ಲಿ ಅಕ್ಕ ತಂಗಿ ಮೆಲ್ಲಗೆ ಜಗಳವಾಡುತ್ತಾರೆ, ಹಿಂದೆ ಕುಕ್ಕರ್ ಕೂಗುತ್ತದೆ. ಒಟ್ಟು ಹತ್ತು ಮಾತು. ಒಂದೊಂದನ್ನೂ ಅಜ್ಜಿ ತಿರುಗಿ ಹೇಳಬೇಕು. ಉದ್ದನೆಯ ದೊಡ್ಡ ಸ್ಪೀಕರಿನಲ್ಲಿ ಒಂಬತ್ತು ಹೇಳಿದಳು. ಹುಡುಗ ಬಿಲ್ ಪುಸ್ತಕ ತೆಗೆದ. ನಾನು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬಾಗಿಲ ಕಡೆಗೆ ಎಳೆದೆ.

"ಮೇಡಮ್, ಅಲ್ಲಿ ಯಾರೂ ಕೂತ್ಕೊಳಲ್ಲ."

"ನಮ್ಮನೇಲಿ ಕೂತ್ಕೊಳ್ತಾರೆ."

ಅಲ್ಲಿಂದ ಅಜ್ಜಿ ಹೇಳಿದ್ದು ಐದು. ಆ ಸ್ಪೀಕರಿನ ಎರಡು ತುದಿಯಲ್ಲಿ ಸದ್ದು ಹೊಮ್ಮಿಸುವ ಎರಡು ಕೋನ್‌ಗಳಿಂದಲೂ ಒಂದೇ ಮಾತು ಬರುತ್ತದೆ. ಎದುರಿಗೆ ಕೂತವರಿಗೆ ಎರಡೂ ಒಟ್ಟಿಗೆ ತಲುಪುತ್ತವೆ. ಪಕ್ಕಕ್ಕೆ ಕೂತವರಿಗೆ ಒಂದು ಮುಂದೆ, ಒಂದು ಹಿಂದೆ, ಒಂದನ್ನೊಂದು ಕೆಡಿಸಿಕೊಂಡು. ಇನ್ನೂ ಮೂರು ಸ್ಪೀಕರ್ ಹಾಕಿಸಿದೆ. ನಾಲ್ಕು, ಆರು, ಐದು. ಸಬ್‌ಟೈಟಲ್ ಹಾಕ್ಕೊಳ್ಳಿ ಎಂದ ಹುಡುಗ.

"ಓದೋಕೆ ಮನೇಲಿ ಪೇಪರ್ ಐತೆ, ನಡಿಯೇ," ಎಂದು ಅಜ್ಜಿ ಎದ್ದಳು.

ಬೇಕಾದ ಸ್ಪೀಕರ್ ಸಿಕ್ಕಿದ್ದು ಮಾರ್ಚಿನ ಮೊದಲ ವಾರ, ಶಿವಾಜಿನಗರದಲ್ಲಿ ಹಳೆಯ ಸ್ಪೀಕರ್ ರಿಪೇರಿ ಮಾಡಿ ಮಾರುವ ಒಂದು ಅಂಗಡಿಯಲ್ಲಿ. ಅಂಗಡಿಯ ಯಜಮಾನರು ನನ್ನ ಪುಟವನ್ನು ಪೂರ್ತಿ ನೋಡಿದರು. ನಗಲಿಲ್ಲ. ಒಂದು ಸ್ಪೀಕರಿನ ಮುಂದಿನ ಜಾಲರಿ ಕಿತ್ತು ತೋರಿಸಿದರು. ಅದರಲ್ಲಿ ದೊಡ್ಡ ಕೋನ್‌ಗಳ ನಡುವೆ ಎರಡು ಚಿಕ್ಕವು, ಒಂದರ ಮೇಲೊಂದು.

"ಮಾತು ಈ ಚಿಕ್ಕದ್ರಿಂದ ಬರೋದು, ಒಂದೇ ಜಾಗದಿಂದ," ಎಂದರು. "ಎರಡು ಜನ ಆ ತುದಿ ಈ ತುದಿ ನಿಂತು ಅದೇ ಮಾತು ಹೇಳಿದ್ರೆ ಪಕ್ಕದವ್ರಿಗೆ ಏನ್ ತಿಳಿಯುತ್ತೆ ಅಮ್ಮಾ? ಬೈಠೋ, ನಿಮಗೆ ಎಲ್ಲಿ ಬೇಕೋ ಅಲ್ಲಿ ಕೂತ್ಕೊಳಿ."

ಅಜ್ಜಿ ಬೇಕೆಂದೇ ಅಂಗಡಿಯ ಮೆಟ್ಟಿಲ ಪಕ್ಕ ಕೂತಳು. ಹೊರಗೆ ಬಸ್ಸುಗಳ ಹಾರ್ನ್. ಹತ್ತರಲ್ಲಿ ಒಂಬತ್ತು ಹೇಳಿದಳು. ತಪ್ಪಿದ್ದು ಕುಕ್ಕರ್ ಕೂಗಿದಾಗಿನ ಮಾತು. ಅದು ನನಗೂ ಕೇಳಿಸಿರಲಿಲ್ಲ.

ಬುಧವಾರ ಸ್ಪೀಕರ್ ಜೋಡಿಸಿದೆ. ಅಜ್ಜಿ ಅದಕ್ಕೆ ಕುಂಕುಮ ಇಟ್ಟು ಊದುಬತ್ತಿ ಬೆಳಗಿದಳು. ಭಾನುವಾರ ನಾನು ಹೊರಗೆ ಹೋಗಿದ್ದವಳು ಬರುವ ಹೊತ್ತಿಗೆ ಸಿನಿಮಾ ಶುರುವಾಗಿತ್ತು. ಅಜ್ಜಿ ತನ್ನ ಕುರ್ಚಿಯಲ್ಲಿದ್ದಳು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಎರಡು ಸಲ "ಏನಂದ?" ಎಂದಳು.

ಚಿಕ್ಕಪ್ಪ ನನ್ನತ್ತ ತಿರುಗಿದರು. "ಬರ್ಕೋ ಬರ್ಕೋ, ಸ್ಕೋರ್ ಏರ್ತಾ ಐತೆ. ಯಾವಾಗ ಹೋಗೋಣ ಡಾಕ್ಟ್ರ ಹತ್ರ?"

ಟೀವಿಯ ಕೆಳಗೆ ನೋಡಿದೆ. ಹಸಿರು ಮಖಮಲ್ಲಿನ ದಪ್ಪ ಗವಸು, ಅಂಚಿಗೆ ಬಿಳಿಯ ಲೇಸು. ನಮ್ಮ ಮನೆಯಲ್ಲಿ ಗವಸಿಲ್ಲದ ವಸ್ತುವಿಲ್ಲ. ಮಿಕ್ಸಿಗೆ, ಫ್ರಿಜ್ಜಿನ ತಲೆಗೆ, ಹೊಲಿಗೆ ಮಿಷನ್ನಿಗೆ, ಎಲ್ಲದಕ್ಕೂ ಅಜ್ಜಿಯೇ ಹೊಲಿದದ್ದು. ಹೊಸದಾಗಿ ಬಂದದ್ದಕ್ಕೆ ಧೂಳು ಕೂರಬಾರದೆಂದು ಮೂರು ದಿನ ಹೊಲಿದು ಮುಂಭಾಗವೂ ಮುಚ್ಚುವಂತೆ ತೊಡಿಸಿದ್ದಳು. ಗವಸಿಗೆ ಒಗ್ಗಿಹೋಗಿದ್ದರಿಂದ ಎದುರಿಗೆ ಕೂತ ಯಾರೂ ಅದನ್ನು ಗಮನಿಸಿರಲಿಲ್ಲ.

"ಅಜ್ಜಿ, ಅದರ ಬಾಯಿ ಮುಚ್ಚಿದೀಯ," ಎಂದೆ.

ಅಜ್ಜಿ ಎದ್ದು ಹೋಗಿ ಗವಸು ತೆಗೆದಳು. ಟೀವಿಯೊಳಗಿನ ಹೆಂಗಸಿನ ಮಾತು ಒಮ್ಮೆಲೇ ಕೋಣೆಗೆ ಬಂತು. ಅಜ್ಜಿ ಗವಸು ಮಡಿಸಿಡಲಿಲ್ಲ. ಮೂಲೆಯ ವೂಫರಿನ ಹತ್ತಿರ ಹೋಗಿ ಅದಕ್ಕೆ ಹೊದಿಸಿ, ಲೇಸು ನೇರ ಮಾಡಿದಳು.

"ಅಮ್ಮಾ, ಅದು ಬೇಸು!" ಎಂದರು ಚಿಕ್ಕಪ್ಪ.

"ಇರ್ಲಿ, ಮಲಗ್ಲಿ," ಎಂದು ಬಂದು ಬಾಗಿಲ ಬಳಿಯೇ ಕೂತಳು.

ಆಮೇಲಿನ ಎರಡು ಗಂಟೆಯಲ್ಲಿ ಅವಳ ಎಣಿಕೆ ಎರಡು. ಅದರಲ್ಲೊಂದು ನೀರಿನ ಮೋಟಾರ್ ಓಡುತ್ತಿದ್ದಾಗಿನದು, ಆದರೂ ಬರೆದಿದ್ದೇನೆ. ಯುಗಾದಿ ಬಂತು, ಹೋಯಿತು, ಮಿಷನ್ನಿನ ಮಾತು ಯಾರೂ ಎತ್ತಲಿಲ್ಲ. ಕೆಲವು ಭಾನುವಾರ ಚಿಕ್ಕಪ್ಪ ಮೊದಲೇ ಬಂದು ವೂಫರಿನ ಗವಸು ತೆಗೆದಿಡುತ್ತಾರೆ. ಅಜ್ಜಿ ಎದ್ದು ಮತ್ತೆ ಹೊದಿಸುತ್ತಾಳೆ. ಈಗ ಅದಕ್ಕೂ ಒಂದು ಗೆರೆ ಎಳೆದಿದ್ದೇನೆ.