ಅತ್ತೆಗೊಂದು ಹೆಚ್ಚುವ ಹಲಗೆ

ಮಂಡಿನೋವಿಗೆ ತೋರಿಸಲು ಹೋದಾಗ ಡಾಕ್ಟರು "ಇನ್ನು ನೆಲದ ಮೇಲೆ ಕೂರಬೇಡಿ" ಎಂದರು. ನಮ್ಮತ್ತೆ ಶಿಕಾರಿಪುರದ ಮನೆಗೆ ಬಂದವರೇ ಈಳಿಗೆಮಣೆಯನ್ನು ಮೂಲೆಗೆ ಸರಿಸಿ ಮಂಚದ ಮೇಲೆ ಕೂತುಬಿಟ್ಟರು. ನಾನು ಸೊಸೆಯಾಗಿ ಬಂದಾಗಿನಿಂದ ಒಂದು ಮೆಣಸಿನಕಾಯಿಯನ್ನೂ ನನ್ನ ಕೈಯಲ್ಲಿ ಹೆಚ್ಚಿಸಿದವರಲ್ಲ. ಒಲೆ ನನ್ನದು, ಹೆಚ್ಚುವುದು ಅವರದು. ಈಗ ಎರಡೂ ನನ್ನ ಪಾಲಿಗೆ ಬಂದವು, ಮಂಚದ ಕಡೆಯಿಂದ ವಿಮರ್ಶೆಯೂ ಬರತೊಡಗಿತು.

"ಬೀನ್ಸ್ ಹೆಚ್ಚಿದ್ದೇನವ್ವಾ ಇದು, ದನಕ್ಕ ಮೇವು ಕಡಿದಂಗೈತಿ."

ಅದನ್ನಾದರೂ ಸಹಿಸಬಹುದಿತ್ತು. ಒಂದು ದಿನ ಅವರು ಯಾವ ತಪ್ಪನ್ನೂ ಹುಡುಕದೆ ಉಂಡೆದ್ದರು. "ನಂದೇನೈತಿ ಬಿಡು ಇನ್ನ ಅಡಿಗಿಮನ್ಯಾಗ" ಎಂದರು. ನನಗೆ ಹೆದರಿಕೆಯಾಯಿತು. ಬೈಯುವ ಅತ್ತೆಯನ್ನು ಸಂಭಾಳಿಸುವುದು ಗೊತ್ತಿತ್ತು, ಸುಮ್ಮನಿರುವ ಅತ್ತೆಯನ್ನಲ್ಲ. ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ಹೆಚ್ಚುವಂಥ ಮರದ ಹಲಗೆ ತಂದು ಅವರನ್ನು ಅಡಿಗೆಮನೆಗೆ ವಾಪಸು ಕರೆತರಲೇಬೇಕೆಂದು ಹಟ ತೊಟ್ಟೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು" ಎಂದರು ನಮ್ಮವರು. ತಮ್ಮ ತಾಯಿ ಗಿಡವಾಗಿದ್ದಾಗಲೂ ಬಗ್ಗಿದ್ದನ್ನು ಕಂಡವರಿಲ್ಲ ಎಂದೂ ಸೇರಿಸಿದರು.

ತವರಿಗೆ ಸೊರಬಕ್ಕೆ ಹೋದಾಗ ಅಲ್ಲಿಯ ಬಡಗಿಯನ್ನು ಕೇಳಿದೆ. "ಹುಣಸೆ ತಗಳಿ ಅಕ್ಕಾ. ಸೀಳಲ್ಲ, ಸವೆಯಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರ್ತದೆ" ಎಂದ. ಅವನು ಕೊಟ್ಟ ದುಂಡನೆಯ ಭಾರದ ಕೊರಡನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅತ್ತೆ ಹೊಸ್ತಿಲಲ್ಲೇ ತಡೆದರು.

"ಹುಣಸೀದೇನು? ಅದು ಮಟನ್ ಅಂಗಡ್ಯಾಗ ಇಡೋದು. ಲಿಂಗ ಕಟ್ಟಿದ ಮನಿಗೆ ತಂದೀಯಲ್ಲ."

ಮಟನ್ ಅಂಗಡಿಯ ಬೀದಿಯಲ್ಲಿ ಸದಾ ಮುಖ ತಿರುಗಿಸಿಕೊಂಡೇ ಓಡಾಡಿದ ಅತ್ತೆಗೆ ಅಂಗಡಿಯೊಳಗಿನ ಕೊರಡು ಯಾವ ಮರದ್ದೆಂದು ಹೇಗೆ ತಿಳಿಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೊರಡು ಹಿತ್ತಲು ಸೇರಿತು.

ಮುಂದಿನ ಸಲ ಹಲಸಿನ ಹಲಗೆ ತಂದೆ. ಹಲಸಿನ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಹೊಸ ಹಲಗೆಯನ್ನು ನೀರಲ್ಲಿ ನೆನೆಹಾಕಬಾರದು, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ ಎಂದು ಕೇಳಿದ್ದೆ. ಉಪ್ಪು, ನಿಂಬೆಹೋಳು ಹಾಕಿ ಉಜ್ಜಿ ತೊಳೆದು, ಒರೆಸಿ, ಆರಿದ ಮೇಲೆ ಕೊಬ್ಬರಿ ಎಣ್ಣೆ ಸವರಿ, ನಡುಮನೆಯ ಗೋಡೆಗೆ ಒರಗಿಸಿಟ್ಟೆ. ಅದು ಅರಿಸಿನ ಬಳಿದ ಹಾಗೆ ಹೊಳೆಯಿತು. ಅಲ್ಲೇ ಎಡವಟ್ಟಾಯಿತು. ನಮ್ಮ ಕಡೆ ತೊಳೆದು, ಎಣ್ಣೆ ಹಚ್ಚಿ ನಿಲ್ಲಿಸಿದ ಹಲಸಿನ ಮಣೆ ದೇವರದ್ದಲ್ಲದೆ ಇನ್ಯಾರದ್ದು? ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ದೇವರ ಜಗಲಿಯ ಮೇಲಿಟ್ಟು ಕೈಮುಗಿಯುತ್ತಿದ್ದರು.

"ಚಲೋ ಮಣಿ ತಂದಿ ನೋಡು."

ಅವರ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ. ಹಲಗೆ ದೇವರಿಗಲ್ಲ, ಬದನೆಕಾಯಿಗೆ ಎಂದು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಅತ್ತೆ ಮತ್ತೆ ಮಂಚ ಹತ್ತಿದರು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನನಗೆ ರೇಗಿಹೋಯಿತು. ದೇವರಿಗೆ ಮನೆಯಲ್ಲಿ ಜಾಗಕ್ಕೇನು ಬರವೇ? ಜಾಗ ಬೇಕಾಗಿದ್ದುದು ಅತ್ತೆಗೆ. ಹಲಗೆಯನ್ನು ಜಗಲಿಯಿಂದ ಇಳಿಸಿದೆ. ವಿಭೂತಿ ಒರೆಸಿ, ಯಾವುದಕ್ಕೂ ಇರಲಿ ಎಂದು ನನ್ನ ಹಣೆಗೆ ಹಚ್ಚಿಕೊಂಡೆ. ಅವರ ಕಣ್ಣೆದುರೇ ಮೇಜಿನ ಮೇಲಿಟ್ಟು ಈರುಳ್ಳಿ ಹೆಚ್ಚತೊಡಗಿದೆ. ನಮ್ಮವರು ಪೇಪರ್ ಮಡಚಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ನಡೆದರು.

ಅತ್ತೆ ಮಂಚದ ಅಂಚು ಹಿಡಿದು ಎದ್ದರು. ಕುಂಟುತ್ತ ನನ್ನ ಹತ್ತಿರ ಬಂದರು. ಶಾಪವೇ ಬೀಳುತ್ತದೆಂದು ತಲೆ ತಗ್ಗಿಸಿದೆ. ಆದರೆ ಅವರು ಹಲಗೆಯನ್ನು ನೋಡುತ್ತಲೇ ಇರಲಿಲ್ಲ, ಈರುಳ್ಳಿಯನ್ನು ನೋಡುತ್ತಿದ್ದರು.

"ಹಿಂಗೇನು ಹೆಚ್ಚೋದು? ಒಂದು ಹೋಳು ಹಾಸಿಗಿಯಷ್ಟು, ಒಂದು ದಿಂಬಿನಷ್ಟು. ಸರಿ ಆಕಡಿ."

ಕುರ್ಚಿ ಎಳೆದುಕೊಂಡು ಕೂತು ನನ್ನ ಕೈಯ ಚಾಕು ಕಸಿದುಕೊಂಡರು. ಈಳಿಗೆಮಣೆಯ ಕೈಗೆ ಚಾಕು ಹೊಸದು, ಮೊದಲು ಸ್ವಲ್ಪ ತಡವರಿಸಿದರು. ಆಮೇಲೆ ಟಕಟಕ ಸದ್ದು ಒಂದೇ ಸಮನೆ ಕೇಳತೊಡಗಿತು. ಈರುಳ್ಳಿ ಮುಗಿಯಿತು, ಬದನೆಕಾಯಿ ಮುಗಿಯಿತು, ನಾಳೆಗೆಂದು ಇಟ್ಟಿದ್ದ ಹೀರೇಕಾಯಿಯೂ ಮುಗಿಯಿತು.

"ಇನ್ನೇನೈತಿ, ತಾ" ಎಂದರು ತಲೆಯೆತ್ತದೆ.

ಬುಟ್ಟಿ ಖಾಲಿಯಾಗಿತ್ತು. ಇಲ್ಲವೆಂದರೆ ಎಲ್ಲಿ ಎದ್ದುಹೋಗುತ್ತಾರೋ ಎಂದು ನನಗೆ ಭಯ. ಹಿಂಬಾಗಿಲಿನಿಂದ ಓಡಿ ಪಕ್ಕದ ಮನೆಯ ಕದ ಬಡಿದೆ.

"ಅಕ್ಕಾ, ನಿಮ್ಮನೇಲಿ ಇವತ್ತು ಏನು ಪಲ್ಯ? ತರಕಾರಿ ಕೊಡ್ರಿ, ನಮ್ಮತ್ತೆ ಹೆಚ್ಚಿಕೊಡ್ತಾರೆ."