ಒಂದು ಮಿಸ್, ಒಂದು ಗೇಣು

ಭಾನುವಾರ, ಬೆಳಗ್ಗೆ ಒಂಬತ್ತೂವರೆ. ಸ್ಥಳ: ರಾಮಮೂರ್ತಿ ನಗರದ ನಮ್ಮ ಮನೆಯ ಬಾಲ್ಕನಿ. ಹಾಜರಿದ್ದವರು: ನಾನು, ಸೊಸೆ ವೀಣಾ, ಸೊಳ್ಳೆ ಜಾಲರಿ ಹಾಕಲು ಬಂದ ಬಸಣ್ಣ. ಅವನು ಹೇಳಿದ್ದು ಒಂಬತ್ತಕ್ಕೆ. ನಾನು ಎಂಟೂಮುಕ್ಕಾಲಿಗೇ ಬಾಗಿಲಲ್ಲಿ ನಿಂತಿದ್ದೆ. ಆದ್ದರಿಂದ ನನ್ನ ಲೆಕ್ಕದಲ್ಲಿ ಅವನು ಮುಕ್ಕಾಲು ಗಂಟೆ ತಡ.

ಬಂದವನೇ ಸ್ಟೀಲ್ ಟೇಪು ಎಳೆದು ಬಾಗಿಲನ್ನು ಅಳೆದು ಬೆರಳು ಬಿಟ್ಟ. ಟೇಪು ಸರ್ರನೆ ಒಳಗೆ ಓಡಿ ಟಪ್ ಎಂದಿತು. ಆ ಸದ್ದಿಗೆ ನನಗೆ ಮೂರನೇ ತರಗತಿ ನೆನಪಾಯಿತು. ನಾನು ಓದಿದ್ದಲ್ಲ, ಪಾಠ ಮಾಡಿದ್ದು.

ಹಲಸೂರಿನ ಒಂದು ಗಲ್ಲಿಯಲ್ಲಿ ನಮ್ಮ ಸರ್ಕಾರಿ ಶಾಲೆ. ನನ್ನ ತರಗತಿಗೆ ನಿಯಮಗಳಿದ್ದವು. ಚಪ್ಪಲಿ ಹೊರಗೆ, ಜೋಡಿ ಜೋಡಿಯಾಗಿ, ಮೂತಿ ಗೋಡೆಯ ಕಡೆಗೆ. ಇದು ನನಗೂ ಅನ್ವಯ. ಅಳತೆಯ ಪಾಠಕ್ಕೂ ನನ್ನದೊಂದು ಪದ್ಧತಿಯಿತ್ತು: ನೂರು ಸೆಂಟಿಮೀಟರ್ ಒಂದು ಮೀಟರ್ ಎಂದು ಎಲ್ಲರಿಂದ ರಾಗವಾಗಿ ಹೇಳಿಸುವುದು. ಮಕ್ಕಳು ಸೊಗಸಾಗಿ ಹೇಳುತ್ತಿದ್ದರು. ಬೆಂಚು ಎಷ್ಟು ಉದ್ದ ಎಂದು ಕೇಳಿದರೆ ಅದೇ ರಾಗದಲ್ಲಿ ‘ನೂರು’ ಎನ್ನುತ್ತಿದ್ದರು. ಬಾಗಿಲು? ನೂರು. ಪೆನ್ಸಿಲ್? ಸ್ವಲ್ಪ ಯೋಚಿಸಿ, ನೂರು.

ಆ ವರ್ಷ ತರಬೇತಿಗೆ ಕರೆದು, ಮಕ್ಕಳು ಕೈಯಾರೆ ಅಳೆದೇ ಕಲಿಯಬೇಕು, ಅವರಿಗೆ ಸವಾಲು ಕೊಡಿ ಎಂದರು. ಸವಾಲು ತಾನಾಗಿಯೇ ಬಂತು. ಯಾವುದೋ ಕಚೇರಿಯವರು ಹಳೆಯ ಸ್ಟೀಲ್ ಬೀರು ಒಂದನ್ನು, ಅದರ ತುಂಬ ಕಥೆ ಪುಸ್ತಕಗಳನ್ನು ಶಾಲೆಗೆ ಕೊಟ್ಟರು. ಬೀರು ವರಾಂಡಕ್ಕೆ ಬಂದು ನಿಂತಿತು. ನನ್ನ ತರಗತಿಯ ಮೂಲೆಯಲ್ಲಿ, ಸಿಮೆಂಟಿನ ಅಟ್ಟದ ಕೆಳಗೆ, ಒಂದು ಜಾಗವಿತ್ತು. ಹೆಡ್ ಮೇಡಂ ತೀರ್ಪು ಕೊಟ್ಟರು: “ಅಲ್ಲಿ ಹಿಡಿದ್ರೆ ನಿಮ್ದು. ಹಿಡೀಲಿಲ್ಲಾಂದ್ರೆ ನನ್ ರೂಮಿಗೆ.”

ಮಕ್ಕಳ ಮುಖ ಬಾಡಿತು. ಹೆಡ್ ಮೇಡಂ ರೂಮಿಗೆ ಹೋದದ್ದು ಹೊರಗೆ ಬಂದದ್ದನ್ನು ಅವರು ಕಂಡಿರಲಿಲ್ಲ. ಫುಟ್‌ಬಾಲ್ ಹೋಗಿತ್ತು, ಕೇರಂ ಬೋರ್ಡ್ ಹೋಗಿತ್ತು. ಇನ್ನು ಪುಸ್ತಕಗಳೂ ಬೀಗದ ಹಿಂದೆ.

“ಸ್ಕೇಲ್ ಇಲ್ಲ, ಟೇಪ್ ಇಲ್ಲ. ಬೀರು ಹಿಡಿಯುತ್ತೋ ಇಲ್ವೋ ನೀವೇ ಅಳೆದು ಹೇಳಿ,” ಎಂದೆ.

ಮೊದಲು ಗೇಣು ಹಾಕಿದರು. ಒಬ್ಬೊಬ್ಬರ ಗೇಣಿಗೆ ಒಂದೊಂದು ಉತ್ತರ ಬಂದು ಜಗಳವಾಯಿತು. ಆಗ ಮುಂದಿನ ಬೆಂಚಿನ ಸೆಲ್ವಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಮಿಸ್ ಇದಾರಲ್ಲ! ನಾವು ಬೆಳೀತೀವಿ. ಮಿಸ್ ಬೆಳಿಯಲ್ಲ.”

ಹೀಗೆ ನಾನು ಅಳತೆಗೋಲಾದೆ. ವರಾಂಡದಲ್ಲಿ ಬೀರುವಿನ ಪಕ್ಕ ಸೆಟೆದು ನಿಂತೆ. ಸೆಲ್ವಿ ಬೆಂಚು ಹತ್ತಿ ನನ್ನ ನೆತ್ತಿಯಿಂದ ಮೇಲಕ್ಕೆ ಗೇಣು ಹಾಕಿ ಕೂಗಿದಳು: “ಒಂದು ಮಿಸ್, ಒಂದು ಗೇಣು!” ಮೆರವಣಿಗೆ ಒಳಗೆ ಬಂತು. ಅಟ್ಟದ ಕೆಳಗೆ ನಿಂತೆ. “ಒಂದು ಮಿಸ್, ಒಂದು ಗೇಣು, ಒಂದು ಬೆರಳು!” ಬೆರಳಷ್ಟು ಜಾಗ ಮಿಗುತ್ತದೆ! ತರಗತಿ ಕುಣಿಯಿತು. ನಾನೂ, ಮನಸ್ಸಿನಲ್ಲಿ.

ಹಮಾಲಿಗಳಿಬ್ಬರು ಬೀರು ಓರೆಮಾಡಿ ಒಳಗೆ ತಂದು ನೆಟ್ಟಗೆ ಮಾಡಹೋದರು. ಅದರ ತಲೆ ಅಟ್ಟಕ್ಕೆ ಢಣ್ ಎಂದು ಬಡಿಯಿತು. ಇನ್ನೊಮ್ಮೆ, ಢಣ್.

“ನನ್ ರೂಮಿಗೆ ತನ್ನಿ,” ಎಂದರು ಹೆಡ್ ಮೇಡಂ, ಬಾಗಿಲಿನಿಂದಲೇ.

“ಒಂದ್ನಿಮಿಷ ಮೇಡಂ!” ಎಂದು ಶಬಾನಾ ಅಡ್ಡ ನಿಂತಳು. ತರಗತಿಯಲ್ಲಿ ಯಾವ ತೀರ್ಪನ್ನೂ ಒಂದೇ ಸಲಕ್ಕೆ ಒಪ್ಪದ ಹುಡುಗಿ ಅವಳು. ಹಮಾಲಿಗಳಿಗೆ ಬೀರುವನ್ನು ಅಟ್ಟದಿಂದ ಈಚೆಗೆ ಎಳೆದು ನಿಲ್ಲಿಸಲು ಹೇಳಿ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿದಳು. ಸೆಲ್ವಿ ಮತ್ತೆ ಗೇಣು ಹಾಕಿದಳು. ಸಾಲಲಿಲ್ಲ. ಇನ್ನೂ ಎರಡು ಬೆರಳು ಬೇಕಾಯಿತು.

“ಬೀರು ಬೆಳೆದ್ಬಿಡ್ತಾ?” ಹಿಂದಿನಿಂದ ಯಾರೋ.

“ಇಲ್ಲ ಕಣೋ, ಮಿಸ್ ಗಿಡ್ಡ ಆಗ್ಬಿಟ್ಟಿದಾರೆ!” ಎಂದಳು ಶಬಾನಾ.

ನಲವತ್ತು ಕಣ್ಣುಗಳು ನನ್ನ ಬರಿಗಾಲಿನ ಮೇಲೆ ಇಳಿದವು. ಸೆಲ್ವಿ ಹೊರಗೆ ಓಡಿ, ನನ್ನ ಚಪ್ಪಲಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿಕೊಂಡು ಬಂದಳು. ಹಿಮ್ಮಡಿ ಸರಿಯಾಗಿ ಎರಡು ಬೆರಳು ದಪ್ಪ. “ಅಯ್ಯೋ ಮಿಸ್! ಹೊರಗಡೆ ಚಪ್ಪಲಿ ಜೊತೆ ಅಳೆದ್ವಿ, ಒಳಗಡೆ ಬರೀ ಮಿಸ್ಸನ್ನ ಅಳೆದ್ವಿ!”

ನನ್ನ ನಿಯಮವೇ ನನ್ನ ತರಗತಿಯ ಪುಸ್ತಕಗಳನ್ನು ಕಳೆಯಲು ಹೊರಟಿತ್ತು. ಹೆಡ್ ಮೇಡಂ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಹಮಾಲಿಗಳು ಬೀರುವನ್ನು ಎತ್ತಲು ಬಗ್ಗಿದರು. ಬೀರು ಬಿಡಲಾರೆನೆಂದು ಅದರ ಮುಂದೆ ಅಂಗಾತ ಮಲಗಿದ್ದ ಶಬಾನಾ ಅಲ್ಲಿಂದಲೇ ಕೂಗಿದಳು:

“ಮಿಸ್! ಇದೂ ಚಪ್ಪಲಿ ಹಾಕ್ಕೊಂಡೇ ಒಳಗ್ ಬಂದಿದೆ!”

ಬಗ್ಗಿ ನೋಡಿದೆ. ಬೀರುವಿನ ಅಡಿಗೆ ನಟ್ಟು ಬಿಗಿದ ನಾಲ್ಕು ಗಿಡ್ಡ ಕಬ್ಬಿಣದ ಕಾಲುಗಳು.

“ಬಿಚ್ಚಪ್ಪ,” ಎಂದೆ ಹಮಾಲಿಗೆ. “ಇಲ್ಲಿ ಎಲ್ಲರಿಗೂ ಒಂದೇ ರೂಲ್ಸು.”

ನಾಲ್ಕೂ ಕಾಲು ಬಿಚ್ಚಿದ ಮೇಲೆ ಬೀರು ಅಟ್ಟದ ಕೆಳಗೆ ಸದ್ದಿಲ್ಲದೆ ನಿಂತಿತು. “ಆಯ್ತು, ನಿಮ್ದೇ,” ಎಂದು ಹೆಡ್ ಮೇಡಂ ಬೀಗದ ಕೈಯನ್ನು ಶಬಾನಾಳ ಕೈಗೇ ಕೊಟ್ಟು ಹೋದರು. ಅಂದು ಕೊನೆಯ ಬೆಲ್ಲು ಹೊಡೆದರೂ ಪುಸ್ತಕ ಬಿಟ್ಟು ಯಾರೂ ಏಳಲಿಲ್ಲ. ನನ್ನ ತರಗತಿಯ ಶಿಸ್ತು ಮುರಿದದ್ದನ್ನು ನಾನು ಸಂತೋಷದಿಂದ ನೋಡಿದ ದಿನ ಅದೊಂದೇ.

“ಅತ್ತೆ, ಎಲ್ಲಿ ಕಳೆದೋದ್ರಿ? ಬಸಣ್ಣ ಕೇಳ್ತಿದಾರೆ,” ಎಂದಳು ವೀಣಾ.

ಜಾಲರಿ ಬಾಗಿಲು ಕೂತಿತ್ತು. ಚಿಲಕ ಮಾತ್ರ ಬಾಕಿ. ಬಸಣ್ಣ ಟೇಪಿನಿಂದ ಅಳೆದು ಹಾಕಿದ್ದ ಗುರುತು ನನಗೆ ಎಟುಕುವುದಿಲ್ಲವೆಂದು ಸೊಸೆಯ ತಕರಾರು. ಎಟುಕುತ್ತದೆಂದು ನನ್ನ ವಾದ.

ಬಸಣ್ಣ ರಾಯಚೂರು ಕಡೆಯವನು. ಟೇಪನ್ನು ಜೇಬಿಗೆ ಹಾಕಿದ. “ಟೇಪು ಯಾಕ್ ಬೇಕ್ರೀ ಅಮ್ಮಾರ? ನೀವೇ ನಿಂದರ್ರಿ, ಕೈ ಎತ್ರಿ. ನಿಮ್ ಕೈ ಎಲ್ಲಿಗಿ ಮುಟ್ತದ, ಅಲ್ಲೇ ಚಿಲಕ.”

ನಿಂತೆ. ಸೆಟೆದೇ ನಿಂತೆ. ಕೈ ಎತ್ತಿದೆ. ಗುರುತು ಮುಟ್ಟಿಯೇಬಿಟ್ಟಿತು.

“ಅತ್ತೆ, ಹಿಮ್ಮಡಿ ಎತ್ಬೇಡಿ,” ಎಂದಳು ವೀಣಾ.

ಇಳಿಸಿದೆ. ಬಸಣ್ಣ ನಗದೆ, ಹಳೆಯ ಗುರುತಿಗಿಂತ ಕೆಳಗೆ ಪೆನ್ಸಿಲ್ಲಿನಿಂದ ಗೀಟೆಳೆದು ಅಲ್ಲಿಯೇ ಚಿಲಕ ಕೂರಿಸಿದ. ಒಮ್ಮೆ ಹಾಕಿ, ತೆಗೆದು ನೋಡಿದೆ. ಕೈಗೆ ಸರಿಯಾಗಿ ಸಿಗುತ್ತದೆ. ಹನ್ನೊಂದು ಗಂಟೆಗೆ ಕೆಲಸ ಮುಗಿಯಿತು.