ನೆಲ ಮುಟ್ಟದ ಚೆಂಡು

ನನ್ನ ಮಗ ಬ್ಯಾಡಗಿಯ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತಾನೆ. ಆಡುವ ಜಾಗ ನಮ್ಮ ಕಣವೇ. ಹಾವೇರಿಯ ಪಂದ್ಯದ ಹಿಂದಿನ ದಿನ ನಾನು ಅಲ್ಲಿ ಕೆಂಪು ಮೆಣಸಿನಕಾಯಿ ಒಣಗಲು ಹರವಿದ್ದೆ.

“ಯವ್ವಾ, ಕಾಯಿ ತಗೀ. ನಾಳೆ ಸೋತ್ರ ಇವರ ಆಟ ಮುಗೀತು,” ಎಂದ.

“ಹಸಿ ಕಾಯಿ ರಾಶಿ ಹಾಕಿದ್ರ ಕೊಳೀತಾವ. ಚೆಂಡು ನೆಲಕ್ಕ ಬೀಳದಂಗ ಆಡಸು. ಮಾಸ್ತರ ಅದೀಯಲ್ಲ?”

ಹುಡುಗಿಯರು ನಕ್ಕರು. ಕಣದ ಸುತ್ತ ನಿಂತು ಕೈಯಿಂದ ಕೈಗೆ ಎಸೆದರು. ಇಳಿಬಿಸಿಲಿನಲ್ಲಿ ಕೆಂಪು ನೆಲದ ಮೇಲೆ ಚೆಂಡು ಇಳಿಯುವುದನ್ನೇ ಮರೆತಂತೆ ತೇಲುತ್ತಿತ್ತು. ನನಗೆ ಕೂತಲ್ಲೇ ಜೊಂಪು ಹತ್ತಿತು.

ಮರುದಿನ ಹಾವೇರಿಯಲ್ಲಿ ಎದುರಿನವರು ಚೆಂಡು ಬಡಿಯುತ್ತ ಓಡಿದರು. ನಮ್ಮವರು ಗಾಳಿಯಲ್ಲೇ ದಾಟಿಸಿದರು. ಆ ಸಿಮೆಂಟು ನೆಲವೂ ನನಗೆ ಕೆಂಪಾಗಿಯೇ ಕಂಡಿತು. ಗೆದ್ದರು.

ಮಗ ನಗುತ್ತ ನನ್ನತ್ತ ಬಂದ. “ಲಗೂ ನಡಿ,” ಎಂದೆ, “ಕಾಯಿ ತಿರುವಿ ಹಾಕಬೇಕು.”